ಗೆರಸಿಯ ಮೇಲಿನ ಚಂದ್ರ

ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಮನೆಯ ಹೆಂಗಸರು ಅವಳಿಗೆ ಚಂದ್ರನ ವಿಷಯದಲ್ಲಿ ಸುಳ್ಳು ಹೇಳತೊಡಗಿದರು.

ನಾವಿದ್ದದ್ದು ಹೊಳೆ ಕಡಲು ಸೇರುವ ಕೋಡಿ ಎಂಬ ಊರಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಕಡಲಿನ ಇಳಿತಕ್ಕೆ ಹೊಳೆಯ ನೀರೂ ಚೆನ್ನಾಗಿ ಇಳಿಯುತ್ತದೆ. ಆಗ ಸಂಜೆಗೆ ಮುಂಚೆ ಹೆಂಗಸರು ಬುಟ್ಟಿ ಹಿಡಿದು ಮಳಿ ಹೆಕ್ಕಲು ಇಳಿಯುತ್ತಿದ್ದರು; ಕೆಸರಲ್ಲಿ ಹೂತ ಚಿಪ್ಪುಗಳನ್ನು ಕಾಲಿನಿಂದ ತಡಕಿ ಎತ್ತುವುದು. ಅಪ್ಪನ ಅಕ್ಕನಾದ ಈ ಅತ್ತೆಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ. ಆದರೆ ಒಮ್ಮೆ ಜಾರಿಬಿದ್ದು ನೀರು ಕುಡಿದಿದ್ದಳು. ಅಮ್ಮ ಹೆದರಿ, ಅತ್ತಿಗೆಯನ್ನು ಮತ್ತೆ ಹೊಳೆಗೆ ಬಿಡುವುದನ್ನೇ ನಿಲ್ಲಿಸಿದ್ದಳು.

“ಹ್ವಾಯ್, ಇವತ್ತ್ ಹೊಳಿಗೆ ಹೋಪುದಿಲ್ಯಾ?”

“ನೀರ್ ಇಳುದಿಲ್ಲ ಅತ್ತಿಗಿ. ಚಂದ್ರ ಅರ್ಧವೇ ಇತ್ತ್.”

“ನಿಮ್ಮ ಚಂದ್ರಂಗೆ ಎಂತ ಕಾಯಿಲೆ ಮಾರಾಯ್ತಿ? ತಿಂಗಳಿಡೀ ಅರ್ಧ!”

ಮರುದಿನ ಒಲೆಯ ಮೇಲೆ ಮಳಿ ಬೇಯುವ ವಾಸನೆ. ಪೇಟೆಯಿಂದ ತಂದದ್ದೆಂದು ಇನ್ನೊಂದು ಸುಳ್ಳು. ಅತ್ತೆ ಆ ದಿನ ಊಟ ಮಾಡಲಿಲ್ಲ.

ಅರವತ್ತರ ದಶಕದ ಆರಂಭ; ನಾನು ಆಗಷ್ಟೇ ಶಾಲೆಯಲ್ಲಿ ಪಾಠ ಹೇಳಲು ಸೇರಿದ್ದೆ. ಚಂದ್ರ ಬೆಳೆದು ಕ್ಷೀಣಿಸುವುದನ್ನು ಮಕ್ಕಳಿಗೆ ತೋರಿಸಲು ಮಾಡಿದ್ದ ರಟ್ಟಿನ ಚಂದ್ರಚಕ್ರವನ್ನು ಅತ್ತೆಯ ಕೈಗೆ ಕೊಟ್ಟೆ. ಸವರಿ ನೋಡಿ, “ಬರೀ ರಟ್ಟ್” ಎಂದು ವಾಪಸು ಕೊಟ್ಟಳು. ಬೆರಳಿಗೆ ಸಿಗುವಂಥದ್ದು ಬೇಕಿತ್ತು.

ಅಕ್ಕಿ ಕೇರುವ ಹಳೆಯ ದುಂಡು ಗೆರಸಿಯ ಅಂಚಿಗೆ ಸುತ್ತಲೂ ಮಳಿಚಿಪ್ಪುಗಳನ್ನು ಒಳಮೈ ಮೇಲಾಗಿ ಬಲೆಯ ದಾರದಿಂದ ಕಟ್ಟಿದೆ, ತಿಂಗಳ ಒಂದೊಂದು ದಿನಕ್ಕೆ ಒಂದರಂತೆ. ಚಿಪ್ಪಿನ ನುಣುಪು ಬೆಳಕು. ಕತ್ತಲೆಯ ಭಾಗಕ್ಕೆ ದೋಣಿಗೆ ಬಳಿಯುವ ಗೇರೆಣ್ಣೆ ಹಚ್ಚಿ ಮರಳು ಉದುರಿಸಿದೆ. ಹುಣ್ಣಿಮೆಯ ಚಿಪ್ಪು ಪೂರ್ತಿ ನುಣುಪು, ಅಮಾವಾಸ್ಯೆಯದು ಪೂರ್ತಿ ಒರಟು. ಇವತ್ತು ಯಾವುದೆಂದು ತಿಳಿಯಲು ಚಿಪ್ಪಿನಡಿ ಸಿಕ್ಕಿಸಲು ಪೊರಕೆಯಿಂದ ಕಿತ್ತ ಒಂದು ಹಿಡಿಕಡ್ಡಿ. ಗೇರೆಣ್ಣೆ ತಾಗಿ ನನ್ನ ಬೆರಳುಗಳು ಗುಳ್ಳೆಯೆದ್ದವು. ಇದಿಷ್ಟು ಖಂಡಿತ. ಉಳಿದದ್ದನ್ನು ನಾನು ಅಷ್ಟಾಗಿ ನಂಬುವುದಿಲ್ಲ: ನೆನಪಿನಲ್ಲಿ ಚಿಪ್ಪುಗಳೆಲ್ಲ ಬೆಳ್ಳಗೆ, ಒಂದೇ ಅಳತೆಗೆ ಬರುತ್ತವೆ, ಮಳಿಚಿಪ್ಪು ಹಾಗಿರುವುದೇ ಇಲ್ಲ.

ಹುಣ್ಣಿಮೆಯ ದಿನ ಕಡ್ಡಿ ಸಿಕ್ಕಿಸಿ ಕೊಟ್ಟೆ. ಆಮೇಲೆ ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆಯೇ ಅದನ್ನು ಮುಂದಿನ ಚಿಪ್ಪಿಗೆ ಸರಿಸಿದಳು. ಒಂದು ದಿನ ಗೆರಸಿಯನ್ನು ಹತ್ತಿರದಿಂದ ನೋಡಿದೆ. ನಾನು ಕಟ್ಟಿದ್ದು ಎಡಕ್ಕೆ ಸುತ್ತುವಂತೆ. ಅವಳು ತುಳಸಿಗೆ ಸುತ್ತು ಬರುವ ಹಾಗೆ ಬಲಕ್ಕೆ ಹೋಗುತ್ತಿದ್ದಳು. ಆಕಾಶದ ಚಂದ್ರನಿಗೆ ಒಂದು ಬದಿ ಬೆಳಕು, ಅವಳ ಚಂದ್ರನಿಗೆ ಇನ್ನೊಂದು.

“ಅತ್ತೆ, ನೀನ್ ತಿರ್ಗ್ ಹೋತಾ ಇದ್ದೆ. ಬೆಳಕ್ ಇಪ್ಪುದ್ ಆಚಿ ಬದಿಗೆ.”

“ಬದಿ ತಪ್ಪಿರೆ ಹೊಳಿ ಇಳುದಿಲ್ಯಾ?”

ಯೋಚಿಸಿದೆ. ಹುಣ್ಣಿಮೆಯಿಂದ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅಮಾವಾಸ್ಯೆ ಅಷ್ಟೇ ದೂರ. ಇಳಿಯುತ್ತದೆ ಎಂದೆ.

“ಮತ್ತೆಂತ? ಎಡಕ್ ಸುತ್ತುಕೆ ಇಲ್ಲೆಂತ ಹೆಣ ಮಲ್ಗಿತಾ?”

ಗೆರಸಿಯನ್ನು ಬಿಚ್ಚಿ ಕಟ್ಟಬೇಕೆಂದು ಕೈ ತುರಿಸುತ್ತಿತ್ತು. ಬಿಟ್ಟುಬಿಟ್ಟೆ.

ಕಡ್ಡಿ ಪೂರ್ತಿ ಒರಟು ಚಿಪ್ಪಿಗೆ ಬಂದ ಮರುದಿನ ಅತ್ತೆ ಮಧ್ಯಾಹ್ನದ ಊಟ ಮುಗಿಸಿ ಬುಟ್ಟಿ ಹಿಡಿದು, ಗೆರಸಿ ಮಡಿಲಲ್ಲಿಟ್ಟು ಬಾಗಿಲಲ್ಲೇ ಕೂತಳು. ತನ್ನ ಬುಟ್ಟಿಯನ್ನು ಸೆರಗಿನಡಿ ಮುಚ್ಚಿಕೊಂಡು ಹೊರಟಿದ್ದ ಅಮ್ಮ ಅವಳನ್ನು ದಾಟದೆ ಹೋಗುವಂತಿರಲಿಲ್ಲ.

“ನೀರ್ ಇಳುದಿಲ್ಲ ಅತ್ತಿಗಿ, ಚಂದ್ರ…”

“ಚಂದ್ರ ನನ್ನ ಮಡಿಲಂಗಿತ್ತ್. ಮುಟ್ಟಿ ಕಾಣ್.”

ಅಮ್ಮ ನಿಜಕ್ಕೂ ಬಗ್ಗಿ ಮುಟ್ಟಿದಳು. ಪಕ್ಕದ ಮನೆಯಾಕೆ ಬೇಲಿಯಾಚೆ ಕಿಸಕ್ಕನೆ ನಕ್ಕಳು. ಅಮ್ಮ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, “ಕೈ ಹಿಡ್ಕಂಡ್ರೆ ಮಾತ್ರ” ಎಂದಳು.

ಹೊಳೆಯಲ್ಲಿ ಯಾರೂ ಕೆಳಗೆ ನೋಡುತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ಪಾದವೇ ಕಣ್ಣು. ಅತ್ತೆ ಮೊಣಕಾಲಿನ ನೀರಲ್ಲಿ ನಿಂತು ಕೆಸರು ಕೆದಕಿದಳು, ಬಗ್ಗಿದಳು, ಎತ್ತಿದಳು. ಅಮ್ಮ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೇ ಇದ್ದಳು.

“ಕೈ ಬಿಡ್ ಮಾರಾಯ್ತಿ. ಮಳಿ ಹೆಕ್ಕುದಾ, ದಿಬ್ಬಣ ಹೋಪುದಾ?”

ಅಮ್ಮ ಬಿಡಲಿಲ್ಲ. ಇಬ್ಬರೂ ಒಂದೊಂದು ಕೈಯಲ್ಲೇ ಹೆಕ್ಕಿದರು, ಜಗಳವಾಡುತ್ತ, ನೀರು ಏರುವವರೆಗೆ.