ಹೆಸರು ಬರೆದ ಕ್ಯೂಬು

ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಎಲ್ಲರಿಗೂ ಅವನು ಕ್ಯೂಬಣ್ಣ. ಆರಿಂಚಿನ ಕಾಂಕ್ರೀಟ್ ಕ್ಯೂಬುಗಳನ್ನು ಎರಕ ಹೊಯ್ದು, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಕೊನೆಗೆ ಯಂತ್ರದಡಿ ಒಡೆದು, ಎಷ್ಟು ಭಾರ ತಡೆಯಿತೆಂದು ಬರೆದಿಡುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ. ಕ್ಯೂಬಿನ ಹೊಟ್ಟೆಯೊಳಗಿನ ಚಿಟಿಚಿಟಿ ಕೇಳಿಯೇ "ಈಗ" ಅನ್ನುತ್ತಿದ್ದ. ಅಂದ ಮರುಕ್ಷಣ ಅದು ಒಡೆಯುತ್ತಿತ್ತು. ಪ್ರೊಫೆಸರುಗಳು ಬೆರಗಾಗುತ್ತಿದ್ದರು, ಬೆರಗಾಗಿ ಚಹಾ ಕುಡಿಯಲು ಹೋಗುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಇನ್ನೊಂದು ಜೀವವಿರಲಿಲ್ಲ. ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ ಸಂಶೋಧನಾ ಪ್ರಬಂಧಗಳ ಕೃತಜ್ಞತೆಯ ಪುಟವನ್ನಷ್ಟೇ ಓದುತ್ತಿದ್ದ. ಗುರುಗಳು, ಹೆತ್ತವರು, ಅತ್ತೆ ಮಾವ ಎಲ್ಲರೂ ಇರುತ್ತಿದ್ದರು. ಒಬ್ಬ ಪುಣ್ಯಾತ್ಮ ಸಾಕಿದ ಬೆಕ್ಕಿಗೂ ವಂದಿಸಿದ್ದ. ಆದರೆ ಅವರ ಕ್ಯೂಬುಗಳನ್ನೆಲ್ಲ ಒಡೆದವನು ಎಲೆಮರೆಯ ಕಾಯಿಯಾಗಿಯೇ ಉಳಿದಿದ್ದ. ನಿವೃತ್ತಿಗೆ ಮೊದಲು ಒಂದರಲ್ಲಾದರೂ ತನ್ನ ಹೆಸರು ಅಚ್ಚಾಗಬೇಕು, ಅವನಿಗಿದ್ದದ್ದು ಅದೊಂದೇ ಆಸೆ.

ಕೊನೆಯ ವರ್ಷದ ಸಂಶೋಧಕಿ ಮಾತು ಕೊಟ್ಟಳು.

"ಅಣ್ಣ, ನಿಮ್ಮ ಹೆಸರು ಹಾಕದೆ ಪ್ರಬಂಧ ಕೊಡೋದೇ ಇಲ್ಲ."

ಮಾತು ಉಳಿಸಿಕೊಂಡಳು ಕೂಡ. ಪ್ರಬಂಧ ಬಂದಾಗ ಸಿಮೆಂಟಿನ ಕೈಯನ್ನು ಎರಡು ಸಲ ತೊಳೆದು ಪುಟ ತೆರೆದ. 'ನಮ್ಮ ಕ್ಯೂಬಣ್ಣನಿಗೆ' ಎಂದಿತ್ತು. ಅವಳು ಖುಷಿಯಿಂದ ಮುಖ ನೋಡುತ್ತ ನಿಂತಿದ್ದಳು. ಚೆನ್ನಾಗಿದೆಯಮ್ಮ ಅಂದ, ಇನ್ನೇನು ಅಂದಾನು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳದೇನು ತಪ್ಪು? ಮೂವತ್ತೊಂದು ವರ್ಷದಲ್ಲಿ ಯಾರೂ ಅವನ ಹೆಸರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ನಿವೃತ್ತಿಯ ವಾರ ಕೊನೆಯ ಎರಕ ಹೊಯ್ದ. ಒಂದು ಕ್ಯೂಬಿನ ಹಸಿ ಮೈಮೇಲೆ ನಂಬರು ಹಾಕುವ ಜಾಗದಲ್ಲಿ ಮೊಳೆಯಿಂದ ತನ್ನ ಪೂರ್ತಿ ಹೆಸರು ಗೀಚಿದ. ಅದನ್ನು ನೀರಿನಿಂದ ಎತ್ತುವ ಹೊತ್ತಿಗೆ ಅವನು ಮನೆಯಲ್ಲಿದ್ದ.

ಇಪ್ಪತ್ತೆಂಟನೆಯ ದಿನ ಅವನ ಜಾಗಕ್ಕೆ ಬಂದ ಹೊಸಬನ ಫೋನು ಬಂತು.

"ಕ್ಯೂಬಣ್ಣ, ಒಂದು ಕ್ಯೂಬ್ ಮೇಲೆ ನಂಬರೇ ಇಲ್ಲ. ಯಾರದೋ ಹೆಸರಿದೆ. ಯಾರಿವ್ರು?"

ಕ್ಯೂಬಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಾರೋ ಏನೋಪ್ಪ. ಫೋನು ಅಲ್ಲೇ ಪಕ್ಕದಲ್ಲಿಟ್ಟು ಒಡಿ."

ಹೊಸಬ ಹಾಗೆಯೇ ಮಾಡಿದ. ಯಂತ್ರ ಗುಂಯ್‌ಗುಟ್ಟಿತು. ಕ್ಯೂಬಣ್ಣ ಫೋನನ್ನು ಕಿವಿಗೆ ಒತ್ತಿ ಕುಳಿತ. ಬಹಳ ಹೊತ್ತು ತಡೆಯಿತು ಅದು, ಲೆಕ್ಕಕ್ಕಿಂತ ಹೆಚ್ಚೇ ತಡೆಯಿತು. ಆಮೇಲೆ ಒಳಗೆಲ್ಲೋ ಚಿಟಿಚಿಟಿ ಕೇಳಿಸಿತು.

"ಈಗ" ಅಂದ.

ಅತ್ತ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.