ಒಂದು ಅಮಾವಾಸ್ಯೆ ಮುಂದಿಟ್ಟ ರಜೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ರಜೆಯ ನಿಯಮ ಬರೆದವನು ಗಂಡಸೇ ಇರಬೇಕು, ಅದೂ ಮನೆಯಲ್ಲಿ ಒಂದು ಹೆರಿಗೆಯನ್ನೂ ಹತ್ತಿರದಿಂದ ನೋಡದ ಗಂಡಸು. ಮದುವೆಗೆ ರಜೆ ಇತ್ತು, ಕಾಮಾಲೆಗೆ ಇತ್ತು, ಹೆರಿಗೆಗೂ ಇತ್ತು, ಆದರೆ ಓದು ಮುಗಿಯುವುದರೊಳಗೆ ಒಮ್ಮೆ ಮಾತ್ರ. ಹೆರಿಗೆಯ ದಿನವನ್ನು ಡಾಕ್ಟರರಿಂದ ಬರೆಸಿ ಮೊದಲೇ ಕಳಿಸಬೇಕು. ಆ ಕಾಗದದಲ್ಲಿದ್ದ ದಿನದಿಂದ ಮೂರು ತಿಂಗಳು ರಜೆ. ರಜೆಯಿಲ್ಲದೆ ಒಂದು ತಿಂಗಳು ಕಾಣಿಸದೆ ಹೋದರೆ ಪಿಎಚ್‌ಡಿ ನೋಂದಣಿಯೇ ರದ್ದು. ಕೂಸು ಹೊಟ್ಟೆಯಲ್ಲಿದ್ದಾಗಲೇ ಈ ನಿಯಮಗಳನ್ನು ಓದಿಕೊಂಡು, ಡಾಕ್ಟರು ಬರೆದ ದಿನಕ್ಕೆ ತಯಾರಾಗಿ ಹೊರಗೆ ಬರಬೇಕಿತ್ತು ಅಂತ ಕಾಣುತ್ತದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತವರು ಇಂಡಿ, ಗಂಡನ ಮನೆ ಮುದ್ದೇಬಿಹಾಳ. ನಿಂಬೆ ಗಿಡದ ಎಲೆಗೆ ಬರುವ ಕಜ್ಜಿ ರೋಗ ನನ್ನ ಸಂಶೋಧನೆಯ ವಿಷಯ. ಇಂಡಿಯ ತೋಟಗಳಿಂದ ಹಿಡಿದು ಸಿಂದಗಿ, ಬಸವನ ಬಾಗೇವಾಡಿಯ ಕಡೆಯ ತೋಟಗಳವರೆಗೆ ಕೆಂಪು ಬಸ್ಸಿನಲ್ಲಿ ತಿರುಗಿ ಎಲೆ ಕಿತ್ತು ತಂದಿದ್ದೆ. ‘ಆ ಎಲಿ ಆರಸೂ ಅಕ್ಕಾರು’ ಅಂತ ಕಂಡಕ್ಟರುಗಳೇ ನನ್ನನ್ನು ಗುರುತು ಹಿಡಿಯುತ್ತಿದ್ದರು. ನಮ್ಮ ಎರಡೂ ಮನೆತನಗಳಲ್ಲಿ ಇಷ್ಟು ಓದಿದ ಹೆಣ್ಣು ಇರಲಿಲ್ಲ. ಮನೆ ಗಂಡನದು, ಹೊಲ ಮಾವನದು, ಬಂಗಾರ ಪೆಟ್ಟಿಗೆಯದು. ನನ್ನದು ಅಂತ ಇದ್ದದ್ದು ಆ ಎಲೆಗಳ ಅಭ್ಯಾಸ ಒಂದೇ. ಅದನ್ನು ಕಳೆದುಕೊಳ್ಳುವುದೆಂದರೆ ನನಗೆ ಜೀವ ಹೋದಂತಾಗುತ್ತಿತ್ತು.

ಇನ್ನು ನಮ್ಮವರ ನಿಯಮ ಕೇಳಿ. ನಮ್ಮ ಮನೆಗಳಲ್ಲಿ ಬಸುರಿಯ ದಿನವನ್ನು ಯಾರಿಗೂ ಸರಿಯಾಗಿ ಹೇಳುವುದಿಲ್ಲ. ಕೇಳಿದವರಿಗೆ ಒಂದು ಅಮಾವಾಸ್ಯೆ ಮುಂದಿನದನ್ನು ಹೇಳುತ್ತಾರೆ. ಖರೆ ದಿನ ನಾಲ್ಕು ಮಂದಿಯ ಬಾಯಿಗೆ ಬಿದ್ದರೆ ಕೆಟ್ಟ ನೆದರು ತಾಗುತ್ತದೆ, ಹಡೆಯುವಾಗ ತ್ರಾಸಾಗುತ್ತದೆ ಎಂದು ನಂಬಿಕೆ. ಹುಟ್ಟಿದ ಮೇಲೆ ಕೂಸಿನ ವಯಸ್ಸನ್ನೂ ಅದೇ ಲೆಕ್ಕದಲ್ಲಿ ಒಂದು ತಿಂಗಳು ಕಡಿಮೆ ಹೇಳುತ್ತಾರೆ. ಇದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಕೇಳಿದವರು ಮನಸ್ಸಿನಲ್ಲೇ ಒಂದು ತಿಂಗಳು ಕಳೆದುಕೊಂಡು ತೊಟ್ಟಿಲಿಗೆ ಬರುವ ತಯಾರಿ ಮಾಡಿಕೊಳ್ಳುತ್ತಾರೆ. ಯಾರಿಗೂ ಮೋಸವಿಲ್ಲ. ವಿಶ್ವವಿದ್ಯಾಲಯ ಒಂದಕ್ಕೆ ಮಾತ್ರ ಈ ಲೆಕ್ಕ ಗೊತ್ತಿರಲಿಲ್ಲ.

ನನ್ನ ಅತ್ತೆ ತಾಳಿಕೋಟೆಯವರು. ಓಣಿಯಲ್ಲಿ ಯಾರದೇ ಲಗ್ನವಿರಲಿ, ಬಾಣಂತನವಿರಲಿ, ಕರೆಯುವ ಮೊದಲೇ ಹೋಗಿ ಸೆರಗು ಕಟ್ಟಿ ನಿಲ್ಲುವ ಹೆಂಗಸು. ಏಳನೇ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ನನ್ನನ್ನು ಇಂಡಿಗೆ ಕಳಿಸಿದರು. ಮೊದಲನೇ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ನನಗೂ ಅದು ಅನುಕೂಲವಾಗಿತ್ತು. ದಿನ ತುಂಬುವವರೆಗೂ ಅಲ್ಲಿಯ ತೋಟಗಳಲ್ಲಿ ಕೆಲಸ ಮಾಡಿದರೆ ಅದು ಹಾಜರಿಗೆ ಸೇರುತ್ತಿತ್ತು. ಡಾಕ್ಟರರ ಕಾಗದ ಬರೆಸಿ ಕಳಿಸುವ ಒಂದೇ ಒಂದು ಕೆಲಸವನ್ನು ಗಂಡನಿಗೆ ಒಪ್ಪಿಸಿ ಬಂದಿದ್ದೆ.

ಆ ಕೆಲಸ ಹೇಗೆ ನಡೆಯಿತೆಂದು ಆಮೇಲೆ ಗೊತ್ತಾಯಿತು. ಮುದ್ದೇಬಿಹಾಳದ ದವಾಖಾನೆಗೆ ನನ್ನ ಗಂಡ ತಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದರು. ಡಾಕ್ಟರಮ್ಮ ಮೊದಲೇ ದಿನ ಬರೆದಿಟ್ಟಿದ್ದ ಚೀಟಿ ನನ್ನ ಜೊತೆ ಇಂಡಿಯಲ್ಲಿತ್ತು. ಆಕೆ ಪೆನ್ನು ಹಿಡಿದು, “ದಿನಾ ಯಾವಾಗಂತ ಬರೀಲ್ರಿ?” ಎಂದು ಕೇಳಿದಳು. ಬಾಗಿಲ ಹತ್ತಿರದ ಬೆಂಚಿನ ಮೇಲೆ ನಮ್ಮ ಓಣಿಯ ಹೆಂಗಸರು ಕೂತಿದ್ದರು. ಅತ್ತೆ ಅತ್ತ ನೋಡಿದರು, ಇತ್ತ ನೋಡಿದರು, ದನಿ ಏರಿಸಿ, “ದೀಪಾವಳಿ ಅಮಾಸಿಗ್ರೀ” ಅಂದುಬಿಟ್ಟರು. ಖರೆ ದಿನವಿದ್ದದ್ದು ಅದಕ್ಕೆ ಒಂದು ತಿಂಗಳು ಮೊದಲು ಬರುವ ಮಹಾನವಮಿ ಅಮಾವಾಸ್ಯೆಗೆ. ಡಾಕ್ಟರಮ್ಮ ಬರೆದಳು, ಠಸ್ಸೆ ಹೊಡೆದಳು. ನನ್ನ ಗಂಡ ಅವತ್ತೇ ಅದನ್ನು ಅಂಚೆಗೆ ಹಾಕಿದರು.

“ನಿಮಗ ಗೊತ್ತಿತ್ತಲ್ಲ?” ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಅವ್ವ ಮಂದಿ ಮುಂದ ಹಂಗ ಹೇಳ್ಯಾಳ. ನಾ ಹ್ಯಾಂಗ ಅಡ್ಡ ಬಾಯಿ ಹಾಕಲಿ?” ಈ ಮನುಷ್ಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು.

ಮಗಳು ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಹುಟ್ಟಿದಳು, ದುಂಡುದುಂಡಗೆ, ಊರಿಗೆಲ್ಲ ಕೇಳುವಂತೆ ಅಳುತ್ತ. ನಾನು ರಜೆ ಶುರುವಾಯಿತೆಂದು ತಿಳಿದು ಹೊರಸಿನ ಮೇಲೆ ನಿಶ್ಚಿಂತಳಾಗಿ ಮಲಗಿದೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಕಿವಿಗೆ ಅರಿವೆ, ಮೂಗಿಗೆ ಅಜವಾನದ ಹೊಗೆ. ದೀಪಾವಳಿ ಮುಗಿದ ಮೇಲೆ ವಿಶ್ವವಿದ್ಯಾಲಯದಿಂದ ಪತ್ರ ಬಂತು. ನನ್ನ ರಜೆ ದೀಪಾವಳಿಯಿಂದ ಮಂಜೂರಾಗಿದೆ, ಅದಕ್ಕೆ ಮೊದಲಿನ ತಿಂಗಳು ನಾನು ಅನುಮತಿಯಿಲ್ಲದೆ ಗೈರುಹಾಜರಾಗಿದ್ದೇನೆ, ನೋಂದಣಿ ಯಾಕೆ ರದ್ದು ಮಾಡಬಾರದು ಎಂದು ಖುದ್ದಾಗಿ ಬಂದು ತಿಳಿಸಬೇಕು. ಓದಿ ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಗಂಡ ಮುದ್ದೇಬಿಹಾಳದ ಎಸ್‌ಟಿಡಿ ಬೂತಿನಿಂದ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದರು. ಯಾವ ತಕರಾರಿಗೂ ಕೈ ಹಾಕದ ಪ್ರಾಧ್ಯಾಪಕರು ಅವರು. “ಅವಧಿಗೆ ಮೊದಲೇ ಹುಟ್ಟಿದ ಮಗು ಅಂತ ಯಾರಿಂದಾದರೂ ಬರೆಸಿಕೊಂಡು ಬರಲಿ, ಮುಗಿದುಹೋಗುತ್ತೆ” ಎಂದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹಳ್ಳಿಯಲ್ಲಷ್ಟೇ ಇರುತ್ತಾರೆಂದು ನಾನು ತಿಳಿದಿದ್ದೆ. ಆದರೂ ಸುಳ್ಳು ಯಾಕೆ ಹೇಳಲಿ, ಆ ದಾರಿ ನನಗೆ ಹಿಡಿಸಿತು. ಇನ್ನೊಂದು ಕಾಗದ, ಇನ್ನೊಂದು ಠಸ್ಸೆ, ನನ್ನ ಎಲೆಗಳು ಉಳಿಯುತ್ತಿದ್ದವು.

ಅದಕ್ಕೆ ಕಲ್ಲು ಹಾಕಿದವರು ಅತ್ತೆಯೇ. ಮೊಮ್ಮಗಳನ್ನು ನೋಡಲು ಇಂಡಿಗೆ ಬಂದವರು ಈ ಮಾತು ಕೇಳಿ ಕೂಸನ್ನು ಎದೆಗವಚಿಕೊಂಡು ಎದ್ದು ನಿಂತರು. “ನನ್ನ ಮೊಮ್ಮಗಳು ತುಂಬಿದ ತಿಂಗಳಿಗೆ ಹುಟ್ಟ್ಯಾಳ. ಅರ್ಧಾ ಕೂಸು ಅಂತ ಯಾವ ಬಾಯಿಲೆ ಬರಸ್ತೀರಿ?”

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಅನ್ನುವುದನ್ನೂ ಮರೆತು ಅಂದೆ: “ಒಂದು ತಿಂಗಳ ಸುಳ್ಳ ಹೇಳಾಕ ನಿಮಗ ಬಾಯಿ ಇತ್ತು. ಈಗ ಇದಕ್ಕ ಯಾಕಿಲ್ಲ? ಈ ಗೋಳೆಲ್ಲಾ ನಿಮ್ಮಿಂದನ ಆಗಿದ್ದು.”

ಅವರು ತಿರುಗಿ ಬೀಳುತ್ತಾರೆಂದುಕೊಂಡಿದ್ದೆ. ಬೀಳಲಿಲ್ಲ. “ಹೌದು, ನನ್ನಿಂದನ ಆಗೈತಿ. ಅದಕ್ಕ ನಾನ ಬರ್ತೇನಿ. ಅವರ ಮುಂದ ನಾನ ಹೇಳ್ತೇನಿ” ಎಂದರು. ನನ್ನ ಅವ್ವ ಮಾತ್ರ ಹೊರಡುವವರೆಗೂ ಗೊಣಗಿದಳು. ಐದನೇ ತಿಂಗಳವರೆಗೂ ಬಾಣಂತಿ ಹೊಸ್ತಿಲು ದಾಟಬಾರದಂತೆ. “ಡಿಗ್ರಿ ಹೋದ್ರ ಹೋಗ್ಲಿ, ನಿಂಗ ಸನ್ನಿ ಹತ್ತಿದ್ರ ಯಾರ ನೋಡಾವ್ರು?” ಎಂದು ನನ್ನ ಕಿವಿಗೆ ಇನ್ನೊಂದು ಅರಿವೆ ಬಿಗಿದಳು.

ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಹೊರಟೆವು, ನಾನು, ಅತ್ತೆ, ಎರಡೂವರೆ ತಿಂಗಳ ಕೂಸು. ಅಷ್ಟರಲ್ಲಿ ಗಂಡ ಡಾಕ್ಟರಮ್ಮನಿಂದ ಸರಿಯಾದ ದಿನದ ಹೊಸ ಕಾಗದ ಬರೆಸಿಕೊಟ್ಟಿದ್ದರು. ಆದರೆ ಆಫೀಸಿನ ಅಧೀಕ್ಷಕರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು, ಅಷ್ಟೇ ಗಟ್ಟಿ. “ಅದೇ ಡಾಕ್ಟರು, ಎರಡು ದಿನ. ನಾನು ಯಾವುದನ್ನಮ್ಮ ನಂಬಲಿ?” ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

“ಮೊದಲಿನ ದಿನ ಹೇಳಿದವರು ಇವರೇ, ನಮ್ಮ ಅತ್ತೆ. ಇವರೇ ತಿಳಿಸುತ್ತಾರೆ” ಅಂದೆ.

ಅಷ್ಟರಲ್ಲಿ ಟೈಪಿಸ್ಟ್ ಹುಡುಗಿಯರು ಕೂಸಿನ ಸುತ್ತ ನೆರೆದಿದ್ದರು. ಒಬ್ಬಳು ಗಲ್ಲ ಹಿಂಡಿ, “ಎಷ್ಟು ತಿಂಗಳ ಪಾಪು ಅಜ್ಜಿ?” ಎಂದು ಕೇಳಿದಳು.

“ಒಂದೂವರಿ ತಿಂಗಳದೈತ್ರಿ” ಅಂದರು ಅತ್ತೆ.

ಬಾಯಿಗೆ ರೂಢಿಯಾದದ್ದು ತಾನಾಗಿ ಬಂದಿತ್ತು. ಅಧೀಕ್ಷಕರು ತಲೆ ಎತ್ತಿ ನೋಡಿದರು. ಬೆಳಗಿನಿಂದ ಮೂರು ಬಸ್ಸು ಬದಲಿಸಿ, ಕೂಸಿಗೆ ಸೆರಗಿನ ಮರೆಯಲ್ಲಿ ಹಾಲೂಡಿಸುತ್ತ ಬಂದದ್ದೆಲ್ಲ ನೀರಿಗೆ ಬಿತ್ತೆಂದು ನನಗೆ ಅಳು ಬಂತು. “ಅತ್ತಿ” ಅಂದೆ, ಅಷ್ಟೇ. ಬೈಯುವುದಕ್ಕೂ ತ್ರಾಣವಿರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಕೂಸನ್ನು ಹುಡುಗಿಯರ ಕೈಯಿಂದ ತೆಗೆದುಕೊಂಡು ಅಧೀಕ್ಷಕರ ಎದುರು ಕುರ್ಚಿಯಲ್ಲಿ ಕೂತರು.

“ಸುಳ್ಳ ಹೇಳಿದೆನ್ರಿ ಸಾಹೇಬರ. ಎರಡೂವರಿ ತಿಂಗಳಾಗೈತಿ. ಮಹಾನವಮಿ ಅಮಾಸಿ ಹಿಂದಿನ ದಿನಾ ಹುಟ್ಟ್ಯಾಳ. ಡಾಕ್ಟರ ಮುಂದನೂ ನಾನ ಸುಳ್ಳ ಹೇಳಿದ್ದು, ಈಕಿ ಅಲ್ಲ.”

“ಯಾಕಮ್ಮ ಹಾಗೆ ಹೇಳಿದಿರಿ?”

ಅವರು ಕೂಸಿನ ಕುಲಾವಿಯ ದಾರ ಬಿಗಿಮಾಡಿದರು. “ನಾ ಮದಲ್ನೇದಕ್ಕ ಬಸರ ಇದ್ದಾಗ ಖರೇ ದಿನಾ ಊರಿಗೆಲ್ಲಾ ಹೇಳಿಕೋಂತ ತಿರುಗಿದ್ದೆನ್ರಿ. ಸಣ್ಣಾಕಿ ಇದ್ದೆ, ಖುಷಿ ಆಗಿತ್ತು. ಬರೋಬ್ಬರಿ ಅದ ದಿನಾ ಹುಟ್ಟಿತು. ಅಳಲಿಲ್ಲ.”

ಈ ಮಾತನ್ನು ನಾನು ಆ ಮನೆಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ. ನನ್ನ ಗಂಡನೇ ಹಿರಿಯ ಮಗ ಎಂದು ಎಲ್ಲರೂ ಹೇಳುತ್ತಿದ್ದರು, ಅವರೂ ಹಾಗೇ ತಿಳಿದಿದ್ದರು. ಅಷ್ಟು ದಿನ ಅವರ ಮೇಲೆ ಇಟ್ಟುಕೊಂಡಿದ್ದ ನನ್ನ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯದಾಯಿತು.

ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಹೇಳಿದ್ದನ್ನು ತಾವೇ ಬರೆದು ಸಹಿ ತೆಗೆದುಕೊಂಡರು. ಗೈರುಹಾಜರಿ ಹೋಯಿತು, ನೋಂದಣಿ ಉಳಿಯಿತು. ನಾನು ಕೈಮುಗಿದು ಏಳುವಷ್ಟರಲ್ಲಿ ಅವರು ಗೋಡೆಯ ಕ್ಯಾಲೆಂಡರು ನೋಡಿದರು. “ಹಾಗಾದರೆ ನಿಮ್ಮ ರಜೆ ಒಂದು ತಿಂಗಳು ಮೊದಲೇ ಶುರುವಾಗಿದೆ ಅಂತಾಯಿತು. ಒಂದು ತಿಂಗಳು ಮೊದಲೇ ಮುಗಿಯುತ್ತದೆ. ಎಳ್ಳಮಾವಾಸ್ಯೆ ಮರುದಿನ ಬಂದು ಸೇರಬೇಕು. ಸೇರದಿದ್ದರೆ ಮತ್ತೆ ಇದೇ ಕಥೆ.”

ಆ ದಿನಕ್ಕೆ ಎರಡು ವಾರವೂ ಇರಲಿಲ್ಲ. ಮೊಲೆ ಕುಡಿಯುವ ಕೂಸನ್ನು ಯಾರ ಕೈಗೆ ಕೊಡಲಿ ಎಂದು ಕೇಳಿದೆ. “ನಿಯಮದಲ್ಲಿ ಅದಕ್ಕೇನೂ ಹೇಳಿಲ್ಲಮ್ಮ” ಎಂದರು, ಬೇಸರದಿಂದಲೇ. ಆ ನಿಯಮ ಬರೆದವನು ಸಿಕ್ಕಿದ್ದರೆ ಅವತ್ತು ನನ್ನ ಕೈಯಲ್ಲಿ ಉಳಿಯುತ್ತಿರಲಿಲ್ಲ.

ಗಂಡನಿಗೆ ಇದನ್ನೆಲ್ಲ ಹೇಳಲೆಂದು ಮರುದಿನ ಬಿಜಾಪುರದಲ್ಲಿ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ, ಆಫೀಸನ್ನು, ಪ್ರಾಧ್ಯಾಪಕರನ್ನು, ಗಣಿತದ ಮಾಸ್ತರನ್ನು. ಎಲ್ಲ ಮುಗಿಯಲೆಂದು ಅತ್ತೆ ಕಾದಿದ್ದರು ಅಂತ ಕಾಣುತ್ತದೆ. “ನನ್ನ ಗಂಟು ಕಟ್ಟಿಕೊಂಡು ನಾನೂ ಬರ್ತೇನಿ. ಒಂದ ಖೋಲಿ ಹಿಡಿ. ನೀ ಎಲಿ ನೋಡು, ನಾ ಕೂಸಿನ್ನ ನೋಡ್ತೇನಿ” ಎಂದರು. ತಾಳಿಕೋಟೆ, ಮುದ್ದೇಬಿಹಾಳ ಬಿಟ್ಟು ಬೇರೆ ಊರಲ್ಲಿ ಒಂದೆರಡು ರಾತ್ರಿಗಿಂತ ಹೆಚ್ಚಿಗೆ ಕಳೆಯದ ಹೆಂಗಸು. ಹೂಂ ಅಂದೆ.

ಮನಗೂಳಿಯಲ್ಲಿ ಒಬ್ಬ ಹೆಂಗಸು ಹತ್ತಿ ನಮ್ಮ ಪಕ್ಕ ಒತ್ತಿ ಕೂತಳು. ಕೂಸನ್ನು ನೋಡಿದ ಕೂಡಲೇ ಮುಖ ಅರಳಿಸಿ, “ಎಷ್ಟ ತಿಂಗಳದೈತವ್ವಾ?” ಎಂದಳು.

ಅತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ನನ್ನ ಕಡೆ ನೋಡಿದರು.

“ಒಂದೂವರಿ ತಿಂಗಳದೈತ್ರಿ” ಅಂದೆ ನಾನು.

ಅತ್ತೆ ಸೆರಗು ಎಳೆದು ಕೂಸಿನ ಮುಖಕ್ಕೆ ಮರೆಮಾಡಿದರು.