ಹಳ್ಳಕ್ಕೆ ಕೊಟ್ಟ ಕಾಸು

ಪೀಂ... ಪೀಂ... ಪೀಂ!

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಪರದೇಶದ ಪಾಪಕುರಾ ಊರಿನಲ್ಲಿ ನಮ್ಮ ಮಗಳ ಮನೆಯ ಹಿಂದೆ ಒಂದು ಹಳ್ಳ. ಅದರ ದಂಡೆಯಲ್ಲಿ ಪಕ್ಕದ ಮನೆಯ ರಾನ್ ತನ್ನ ಮೆಟಲ್ ಡಿಟೆಕ್ಟರ್ ಆಡಿಸುತ್ತಾ ನಡೆಯುತ್ತಿದ್ದ. ಉದ್ದನೆಯ ಕೋಲು, ತುದಿಗೊಂದು ತಟ್ಟೆ. ನೆಲದೊಳಗೆ ಲೋಹವಿದ್ದರೆ ಕೂಗುತ್ತಿತ್ತು. (ಹೆಚ್ಚಿನ ಸಲ ಸಿಗುತ್ತಿದ್ದುದು ಬಿಯರ್ ಬಾಟಲಿಯ ಮುಚ್ಚಳ!)

ಇಲ್ಲಿ ಐದು ಸೆಂಟಿನ ನಾಣ್ಯ ನಿಂತುಹೋದ ವರ್ಷದ ಮಾತಿದು. ರಾನ್ ರಿಟೈರ್ಡ್ ರೈಲ್ವೆ ಮನುಷ್ಯ. ನೂರೈವತ್ತು ವರ್ಷದ ಹಿಂದೆ ಆ ದಂಡೆಯಲ್ಲಿ ಬ್ರಿಟಿಷ್ ಸೈನಿಕರು ಬೀಡುಬಿಟ್ಟಿದ್ದರಂತೆ. ಅವರ ಅಂಗಿಯದೊಂದು ಗುಂಡಿಯೋ ಕಾಸೋ ಸಿಗಲಿ ಎಂದು ಜಾಗದ ಒಡೆಯರ ಪರ್ಮಿಷನ್ ಪಡೆದು ವರ್ಷಗಟ್ಟಲೆ ಹುಡುಕಿದ್ದ. ಈಗ ಊರು ಬಿಟ್ಟು ದೂರದ ಇನ್ವರ್‌ಕಾರ್ಗಿಲ್‌ನಲ್ಲಿರುವ ತನ್ನ ಮಗಳ ಮನೆಗೆ ಹೋಗುವವನಿದ್ದ. ಬರಿಗೈಯಲ್ಲಿ ಹೋಗುವುದು ಹೇಗೆ?

ಒಂದು ಬೆಳಿಗ್ಗೆ ಗಮ್‌ಬೂಟ್ಸ್ ಸಮೇತ ನನ್ನ ಕಿಚನ್ನಿಗೇ ನುಗ್ಗಿದ.

"ಇಂಡಿಯಾ, ಲವ್! ನಿಮ್ಮ ಇಂಡಿಯಾದ್ದು!" (ಇಲ್ಲಿನ ಮುದುಕರು ಹೆಂಗಸರನ್ನೆಲ್ಲ ಕರೆಯುವುದು ಹಾಗೇ.)

ಅಂಗೈಯಲ್ಲಿ ಹಸಿರುಗಟ್ಟಿದ ತಾಮ್ರದ ಕಾಸು. ಕಂಪನಿ ಸರ್ಕಾರದ ಸಿಂಹಗಳು. ಅಂಚಿನಲ್ಲಿ ಸೊಟ್ಟಗೊಂದು ತೂತು. ರಾನ್ ಕತೆ ಕಟ್ಟಿಯೇ ಬಂದಿದ್ದ. ಇಂಡಿಯಾದಲ್ಲಿ ಕಾದಾಡಿ ಇಲ್ಲಿಗೆ ಬಂದ ಸೋಲ್ಜರ್ ಒಬ್ಬ ಅದನ್ನು ಅದೃಷ್ಟಕ್ಕೆಂದು ಕೊರಳಿಗೆ ಕಟ್ಟಿಕೊಂಡಿದ್ದನಂತೆ. ಶನಿವಾರ ಅವನ ಕ್ಲಬ್ಬಿನಲ್ಲಿ ಎಲ್ಲರಿಗೂ ತೋರಿಸುವುದು!

ನಾನು ಕುರ್ಚಿ ಹಿಡಿದು ಕೂತೆ. ಆ ತೂತು ನನಗೆ ಗೊತ್ತು. ಮಕ್ಕಳ ಉಡಿದಾರಕ್ಕೆ ಪೋಣಿಸಲು ನಮ್ಮ ಅತ್ತೆಯವರು ಧಾರವಾಡದಲ್ಲಿ ಕೊರೆಸಿದ್ದು. ನನ್ನ ಯಜಮಾನರೂ ಅದನ್ನು ಕಟ್ಟಿಕೊಂಡೇ ಅಂಬೆಗಾಲಿಟ್ಟವರು, ನನ್ನ ಮಗಳು ಶೈಲಾಳೂ.

ನಾವು ಮಗಳ ಮನೆಗೆ ಬಂದ ಹೊಸತರಲ್ಲಿ ವಾಕಿಂಗ್ ಹೋದಾಗ ಯಜಮಾನರು ಈ ಹಳ್ಳದ ಸೇತುವೆಯ ಮೇಲೆ ನಿಂತು ಅದನ್ನು ನೀರಿಗೆ ಹಾಕಿದ್ದರು. ನಮ್ಮವರು ಹೊಳೆ ದಾಟುವಾಗ ಕಾಸು ಹಾಕುತ್ತಾರಲ್ಲ, ಹಾಗೆ. "ಅದನ್ನ ಯಾಕ ಹಾಕಿದ್ರಿ? ಕಿಸೆದಾಗ ಚಿಲ್ಲರ ಇರಲಿಲ್ಲೇನು?" ಎಂದು ನಾನು ರೇಗಿದರೆ, "ಈ ನೀರಿಗೆ ನಾವು ಹೊಸಬರು. ಕೊಡೋದಾದ್ರ ನಮ್ಮದು ಕೊಡಬೇಕು," ಎಂದಿದ್ದರು.

ಈಗ ಅವರಿಲ್ಲ. ಯಾವುದೋ ನೆರೆಯಲ್ಲಿ ದಂಡೆಗೆ ಬಿದ್ದ ಕಾಸು ಮಾತ್ರ ವಾಪಸ್ ಬಂದಿತ್ತು!

ರಾನ್‌ಗೆ ಹೇಳುವುದೋ ಬೇಡವೋ? "ಸುಮ್ಮನಿರವ್ವಾ, ಮುದುಕ ಖುಷಿಯಾಗ್ಯಾನ," ಎಂದಳು ಶೈಲಾ. ಆದರೆ ಕಾನ್ವೆಂಟಿನ ಸಿಸ್ಟರ್‌ಗಳು ಬೆಳೆಸಿದ ಜೀವ ನನ್ನದು. ಸುಳ್ಳು ಬಿಡಿ, ಸತ್ಯವನ್ನು ನುಂಗಿದರೂ ಅಜೀರ್ಣ. ಶುಕ್ರವಾರ ಚಹಾಕ್ಕೆ ಕರೆದು, ಅದು ನಮ್ಮ ಯಜಮಾನರ ಕಾಸು ಎಂದು ಹೇಳಿಬಿಟ್ಟೆ.

"ಬೀಳಿಸಿಕೊಂಡಿದ್ದರಾ?" ಎಂದ.

"ನೋ ರಾನ್, ಕೊಟ್ಟಿದ್ದರು. ಹಳ್ಳಕ್ಕೆ."

ಕೈಯಲ್ಲಿದ್ದ ಬಿಸ್ಕೆಟ್ಟನ್ನು ತಟ್ಟೆಗೆ ವಾಪಸ್ ಇಟ್ಟ. ಅವನ ಸೋಲ್ಜರ್ ಅಲ್ಲೇ ಸತ್ತುಹೋದ, ಪಾಪ. ಆಮೇಲೆ ಕೆಮ್ಮು ಬರುವಷ್ಟು ನಕ್ಕ. "ಹಾಗಾದರೆ ನಾನು ನಿಮ್ಮ ಹಳ್ಳದ ಕಳ್ಳ!" ಎಂದು ಕಾಸನ್ನು ನನ್ನ ಕಡೆ ಸರಿಸಿದ.

"ದೇವರ ಮುಂದ ಇಡು, ಅಪ್ಪಾಂದು," ಎಂದಳು ಶೈಲಾ. ನನಗೂ ಆಸೆಯೇ. ಅಂಗೈ ತಾನಾಗಿ ಮುಚ್ಚಿಕೊಂಡಿತು. ಆದರೆ ಅವರು ಕೊಟ್ಟದ್ದನ್ನು ನಾನು ಕಿತ್ತುಕೊಳ್ಳುವುದೆ? ಒಂದು ರಾತ್ರಿ ದಿಂಬಿನ ಕೆಳಗಿಟ್ಟುಕೊಂಡೆ. ಸಾಕೆನಿಸಿತು.

ರಾನ್‌ನನ್ನು ನಾನು ಕೊನೆಯ ಸಲ ನೋಡಿದ್ದು ಮರುದಿನ, ಅದೇ ಸೇತುವೆಯ ಮೇಲೆ. ಕ್ಲಬ್ಬಿಗೆ ಹೋಗಿರಲಿಲ್ಲ. "ಊರು ಬಿಡುವವನು ನೀನು, ನೀನೇ ಕೊಡು," ಎಂದೆ. ಕ್ಯಾಪ್ ತೆಗೆದು, ಚರ್ಚಿನಲ್ಲಿ ನಿಂತಂತೆ ನಿಂತು, ಕಾಸನ್ನು ನೀರಿಗೆ ಬಿಟ್ಟ. ಸಣ್ಣ ಸದ್ದು, ಅಷ್ಟೇ.

ಹಳೆಯ ಚಟ ಬಿಡುತ್ತದೆಯೆ? ಸೇತುವೆ ಇಳಿದದ್ದೇ ಮಷೀನ್ ಆನ್ ಮಾಡಿದ. ನನ್ನ ಪಾದದ ಹತ್ತಿರ ಬಂದದ್ದೇ, ಪೀಂ!

"ಅಲ್ಲಾಡಬೇಡ, ಲವ್!" ಮುಖ ಅರಳಿತು.

ನನಗೆ ನಗು ತಡೆಯಲಾಗಲಿಲ್ಲ. ಶೂಸಿನೊಳಗೆ, ಸಾಕ್ಸಿನೊಳಗೆ, ನನ್ನ ಕಾಲುಂಗುರ! ("ಇನ್ನೂ ತಗದಿಲ್ಲೇನ್ರೀ?" ಎಂದು ದೇವಸ್ಥಾನದಲ್ಲಿ ಆಂಟಿಯರು ಪಿಸುಗುಡುವುದು ಇವನ್ನು ಕಂಡೇ.) ಅವು ಗಂಡ ತೊಡಿಸಿದ್ದು ಎಂದು ರಾನ್‌ಗೆ ಹೇಳಿದೆ.

ಅವನು ನೀರಿನ ಕಡೆ ಬೆರಳು ತೋರಿಸಿದ. "ಇವನ್ನೂ ಕೊಡಬೇಕೇನು?"

ಎಲ್ಲವನ್ನೂ ಕೊಟ್ಟುಬಿಟ್ಟರೆ, ರಾನ್, ನಿನ್ನ ಮಷೀನು ನನ್ನನ್ನು ಕಂಡು ಕೂಗುವುದು ಹೇಗೆ?